ಮಳೆಗಾಲ ತಡೆದು ವರ್ಷಗಟ್ಟಲೆ ಬಾಳುವ ಫ್ಲ್ಯಾಟ್ ಪೆಡಲ್ ಯಾವುದು?

ಹೈಬ್ರಿಡ್_ಹಾದಿ

ಹೈಬ್ರಿಡ್ ಸೈಕಲ್, ಅಲ್ಯೂಮಿನಿಯಂ ಕ್ರ್ಯಾಂಕ್ (ಪೆಡಲ್ ಕೂರೋ ತೋಳು). ದಿನಕ್ಕೆ 20 ಕಿ.ಮೀ. ಓಡಾಟ, ಮಳೆಗಾಲದಲ್ಲೂ ನಿಲ್ಲಿಸೋದಿಲ್ಲ. ವಾರದ ದಿನ ಕಾಲಿಗೆ ಚಪ್ಪಲಿ, ಭಾನುವಾರ ಕ್ಯಾನ್ವಾಸ್ ಶೂ. ಸವಾರನ ತೂಕ 88 ಕೆ.ಜಿ. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ ಲಟಲಟ ಅಲುಗಾಡುತ್ತೆ, ಎಡಗಡೆ ತುಳಿದಾಗಲೆಲ್ಲ ಟಕ್ ಅಂತ ಸದ್ದು. ಶೂ ಕಚ್ಚಿಕೊಳ್ಳುವ ಕ್ಲಿಪ್‌ಲೆಸ್ ಪೆಡಲ್ ಬೇಡ.

ಕೇಳಬೇಕಿರೋದು ಮೂರು. ಲೋಹದ್ದು ತಗೋಬೇಕೋ ನೈಲಾನೋ? ಡಬ್ಬಿ ಮೇಲೆ ಸೀಲ್ಡ್ ಬೇರಿಂಗ್ ಅಂತ ಬರೆದಿದ್ದರೆ ಸಾಕಾ? ಅಟ್ಟೆ ಹಿಡಿಯೋ ಮುಳ್ಳಿನಂಥ ಪಿನ್ ಇರಲೇಬೇಕಾ? ಒಮ್ಮೆ ತಗೊಂಡರೆ ಐದಾರು ವರ್ಷ ಹೊಸದು ಕೊಳ್ಳೋ ಹಾಗಿರಬಾರದು.

ಗ್ರೀಸ್‌ಗುಂಡು

ಲೋಹವೋ ನೈಲಾನೋ ಅನ್ನೋದನ್ನ ಕೊನೆಗೆ ಕೇಳಿ. ಹೆಚ್ಚಿನ ಪೆಡಲ್‌ಗಳು ಹಾಳಾಗೋದು ಮೈ ಮುರಿದು ಅಲ್ಲ, ಹೊಟ್ಟೆಯೊಳಗಿನ ಗ್ರೀಸ್ ಬತ್ತಿ ಅಥವಾ ಕೊಚ್ಚಿಹೋಗಿ. ಹಾಗಾಗಿ ಮೊದಲು ನೋಡಬೇಕಾದ್ದು ಇದು: ಈ ಪೆಡಲ್ ಬಿಚ್ಚೋಕೆ ಬರುತ್ತಾ? ಹೊರತುದಿಯಲ್ಲಿ ತಿರುಪಿನ ಮುಚ್ಚಳವೋ, ಎಲ್-ಕೀ ಹಾಕೋ ಮುಚ್ಚಳವೋ ಇದ್ದರೆ ಅದರ ಹಿಂದೆ ನಟ್ ಇರುತ್ತೆ, ಒಳಗೆ ಕೈ ಹಾಕಬಹುದು. ಹೊರತುದಿ ಪೂರಾ ಮುಚ್ಚಿದ್ದರೆ ಕ್ರ್ಯಾಂಕ್ ಕಡೆ ಷಟ್ಕೋನದ ಅಥವಾ ಹಲ್ಲುಹಲ್ಲಿನ ಬಳೆ ಇದೆಯಾ ನೋಡಿ. ಇದ್ದರೆ ಆಕ್ಸಲ್ (ಪೆಡಲ್ ಸುತ್ತೋ ನಡುವಿನ ಕಂಬಿ) ಆ ಕಡೆಯಿಂದ ಬರುತ್ತೆ. ಎರಡೂ ಕಡೆ ಏನೂ ಇಲ್ಲದಿದ್ದರೆ ಅದು ಬಳಸಿ ಬಿಸಾಡೋ ಪೆಡಲ್, ಮೈ ಎಷ್ಟೇ ಗಟ್ಟಿ ಇರಲಿ.

ಎರಡನೆಯದು ಆಕ್ಸಲ್. ನಿಮ್ಮ ತೂಕಕ್ಕೆ ಕ್ರೋಮೋಲಿ, ಅಂದರೆ ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕಿನದೇ ಇರಲಿ. ಸಾದಾ ಉಕ್ಕಿನ ಆಕ್ಸಲ್ ಒಮ್ಮೆಲೇ ಮುರಿಯೋದು ಅಪರೂಪ, ಮೊದಲು ಬಾಗುತ್ತೆ. ಬಾಗಿದ ಗುರುತು ಪಾದಕ್ಕೆ ಗೊತ್ತಾಗುತ್ತೆ: ಪ್ರತಿ ಸುತ್ತಿಗೂ ಪೆಡಲ್ ಪಾದದಡಿ ಒಳಕ್ಕೂ ಹೊರಕ್ಕೂ ಓಲಾಡುತ್ತೆ. ಮುರಿಯೋದಾದರೆ ಥ್ರೆಡ್ ಶುರುವಾಗೋ ಬುಡದಲ್ಲೇ ಬಿರುಕು ಬಿಡೋದು ಹೆಚ್ಚು, ಯಾಕಂದರೆ ಬಾಗಿಸುವ ಒತ್ತಡ ಕ್ರ್ಯಾಂಕ್ ಹತ್ತಿರವೇ ಅತಿ ಜಾಸ್ತಿ, ಅದೇ ಜಾಗದಲ್ಲಿ ಲೋಹಕ್ಕೆ ಥ್ರೆಡ್‌ನ ಕಚ್ಚು ಬೇರೆ ಬಿದ್ದಿರುತ್ತೆ. ಟೈಟಾನಿಯಂ ಆಕ್ಸಲ್ ತೂಕ ಇಳಿಸೋರಿಗೆ. ಅದಕ್ಕೆ ಸವಾರನ ತೂಕದ ಮಿತಿ ಹಾಕಿರ್ತಾರೆ. ಬಾಳಿಕೆಗೆ ಅದು ಬೇಡ.

ಮೂರನೆಯದು ಬೇರಿಂಗ್. ‘ಸೀಲ್ಡ್’ ಅನ್ನೋ ಪದವನ್ನ ಡಬ್ಬಿ ಮೇಲೆ ನಂಬಬೇಡಿ. ಕೆಲವರು ಅದನ್ನ ಕಾರ್ಟ್ರಿಡ್ಜ್ ಬೇರಿಂಗ್‌ಗೆ (ಗುಂಡುಗಳ ಸಮೇತ ಒಂದೇ ಬಳೆಯಾಗಿ ಬರೋದು) ಹೇಳ್ತಾರೆ, ಕೆಲವರು ಬಿಡಿ ಗುಂಡುಗಳ ಮುಂದೆ ಒಂದು ರಬ್ಬರ್ ಬಳೆ ಇಟ್ಟು ಅದನ್ನೇ ಸೀಲ್ಡ್ ಅಂತಾರೆ. ಎರಡೂ ಕೆಟ್ಟವಲ್ಲ. ಆದರೆ ಒಳಗೇನಿದೆ ಅಂತ ಗೊತ್ತಿದ್ದರೆ ಮಾತ್ರ ಮುಂದೆ ರಿಪೇರಿ ಮಾಡಬಹುದು.

ತುರಹಳ್ಳಿ_ಟ್ರೇಲ್

ಮೈ ವಿಷಯಕ್ಕೆ ಬಂದರೆ, ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಸೈಕಲ್ ಜೊತೆ ಬರೋ ಅಗ್ಗದ ಪೆಡಲ್‌ನಲ್ಲಿ ಗುಂಡುಗಳು ಓಡೋ ಉಕ್ಕಿನ ಬಟ್ಟಲನ್ನ (ಕಪ್) ನೇರ ಮೆದು ಪ್ಲಾಸ್ಟಿಕ್‌ಗೆ ಒತ್ತಿ ಕೂರಿಸಿರ್ತಾರೆ. ಬಿಸಿಲು, ಭಾರ, ಕಾಲ ಸೇರಿ ಆ ಗೂಡು ಅಗಲವಾಗುತ್ತೆ, ಕಪ್ಪೇ ಅಲುಗಾಡೋಕೆ ಶುರು ಮಾಡುತ್ತೆ. ಗುಂಡುಗಳನ್ನ ಒತ್ತಿ ಹಿಡಿಯೋ ಕೋನು (ಶಂಕುವಿನಾಕಾರದ ನಟ್) ಎಷ್ಟು ಬಿಗಿ ಮಾಡಿದರೂ ಆ ಲಟಲಟ ಹೋಗೋದಿಲ್ಲ. ನಿಮ್ಮ ಪೆಡಲ್ ಲಕ್ಷಣ ಅದೇ ಇರಬಹುದು.

ನಾರು ಬೆರೆಸಿದ ನೈಲಾನ್ ಬೇರೆ ಜಾತಿ. ರೇಸ್ ಫೇಸ್ ಚೆಸ್ಟರ್, ಒನ್‌ಅಪ್ ಕಾಂಪೊಸಿಟ್ ಇವೆಲ್ಲ ಆ ಗುಂಪು. ಚೆಸ್ಟರ್ ಜೋಡಿಗೆ ಸುಮಾರು 340 ಗ್ರಾಂ, ಆಕ್ಸಲ್ ಕ್ರೋಮೋಲಿ. ಕಲ್ಲಿಗೆ ತಾಗಿದಾಗ ನೈಲಾನ್ ಜಾರಿಕೊಂಡು ಹೋಗುತ್ತೆ, ಮೈ ಮೇಲೆ ಗೀರು ಬೀಳುತ್ತೆ ಅಷ್ಟೇ. ಅಲ್ಯೂಮಿನಿಯಂ ಕಲ್ಲನ್ನ ಕಚ್ಚಿ ನಿಲ್ಲುತ್ತೆ, ಅಂಚು ಮಡಚುತ್ತೆ, ಆ ಪೆಟ್ಟು ಆಕ್ಸಲ್‌ಗೂ ಹೋಗುತ್ತೆ. ನೈಲಾನ್‌ನ ನಿಜವಾದ ದೌರ್ಬಲ್ಯ ಪಿನ್ನಿನ ಜಾಗ. ಪಿನ್ ನೇರ ನೈಲಾನ್‌ನಲ್ಲೇ ಕೂತಿದ್ದರೆ ಒಂದು ಪೆಟ್ಟಿಗೆ ಥ್ರೆಡ್ ಸಮೇತ ಕಿತ್ತು ಬರುತ್ತೆ. ಹಿಂಬದಿಯಿಂದ ಬೋಲ್ಟ್ ತೂರಿಸಿ ನಟ್ ಹಾಕಿದ ವಿನ್ಯಾಸ ಇದ್ದರೆ ಈ ತೊಂದರೆ ಇಲ್ಲ.

ಅಲ್ಯೂಮಿನಿಯಂ ಪೆಡಲ್‌ಗೂ ಇದೇ ಮಾತು. ಮೇಲಿಂದ ಹಾಕೋ ಸಣ್ಣ ಗ್ರಬ್ ಸ್ಕ್ರೂ ಪಿನ್ನಿನ ತಲೆಯಲ್ಲಿ ಎಲ್-ಕೀ ತೂತು ಇರುತ್ತೆ. ನೆಲಕ್ಕೆ ಉಜ್ಜಿ ಆ ತಲೆ ಸವೆದರೆ ಮತ್ತೆ ಬಿಚ್ಚೋಕಾಗಲ್ಲ. ಹಿಂಬದಿಯಿಂದ ಹಾಕೋ ಪಿನ್ ಮೇಲೆ ಎಷ್ಟೇ ಸವೆದರೂ ಹಿಂದಿನಿಂದ ಬಿಚ್ಚಬಹುದು. ಕೊಳ್ಳೋ ಮೊದಲು ಪೆಡಲ್ ತಿರುಗಿಸಿ ಪಿನ್ ಎಲ್ಲಿಂದ ಹೊಕ್ಕಿದೆ ಅಂತ ನೋಡಿ, ಒಂದು ನಿಮಿಷದ ಕೆಲಸ.

ಎರೆಹೊಲ

ಒಂದ್ ಮಾತ್ ಸೇರಸ್ತೀನ್ರಿ. ನಮ್ಮ ಕಡೆ ಎರಿ ಮಣ್ಣ. ಹಸಿ ಇದ್ದಾಗ ಅಂಟಿನಂಗ ಹಿಡಕೊಳ್ಳತೈತಿ, ಒಣಗಿದ್ರ ಗಾರಿಯಂಗ ಗಟ್ಟಿ ಆಗತೈತಿ. ಅದಕ್ಕ ನಡುವ ಅಗಲ ಕಿಂಡಿ ಇರೋ ಪೆಡಲ್ ನೋಡ್ರಿ. ತುಳದ ಮಣ್ಣ ಕೆಳಗ ಬಿದ್ದ ಹೋಗಬೇಕು. ಮೈ ಪೂರಾ ಮುಚ್ಚಿದ್ದ ತಗೊಂಡ್ರ ಪಿನ್ನಿನ ತಲಿ ಮಟ ಮಣ್ಣ ತುಂಬಿ ನುಣ್ಣಗ ಹಲಗಿ ಆಗಿಬಿಡತೈತಿ, ಕಾಲ ಜಾರೂದ ಆವಾಗ.

ಇನ್ನ ಕಾರ್ಟ್ರಿಡ್ಜ್ ಬೇರಿಂಗ್ ಅಂದ್ರ ಎಲ್ಲಾರೂ ಚೊಲೊ ಅಂತಾರ, ಆದ್ರ ಹಳ್ಳಿ ಕಡೆ ಬಿಡಿ ಗುಂಡಿನ ಪೆಡಲ್‌ಗೆ ಇರೋ ಅನುಕೂಲ ಮರೀಬ್ಯಾಡ್ರಿ. ಗುಂಡು ತಾಲೂಕಿನ ಯಾವ ಸೈಕಲ್ ಅಂಗಡ್ಯಾಗೂ ಸಿಗತಾವ. ಗುಂಡು ಹಾಕಿ, ಗ್ರೀಸ್ ಮೆತ್ತಿ, ಕೋನ್ ಬಿಗಿ ಮಾಡಿದ್ರ ಅರ್ಧ ತಾಸಿನ್ಯಾಗ ಹೊಸಾದ ಆಗತೈತಿ. ಪುಟ್ಟ ಕಾರ್ಟ್ರಿಡ್ಜ್ ಹೋದ್ರ ಆ ನಂಬರ್ ಹುಡುಕ್ಕೊಂಡ ಸಿಟಿಗೇ ಹೋಗಬೇಕು.

ಗ್ರೀಸ್‌ಗುಂಡು

ಎರೆಹೊಲ ಹೇಳಿದ್ದು ಸರಿ, ಒಂದು ಷರತ್ತಿನ ಮೇಲೆ: ಗುಂಡು ಕೂರೋ ಕಪ್ ಗಟ್ಟಿ ಉಕ್ಕಿನದಾಗಿದ್ದು ಮೈಯಲ್ಲಿ ಭದ್ರವಾಗಿ ಕೂತಿರಬೇಕು. ಶಿಮಾನೊ ಪಿಡಿ-ಜಿಆರ್500 ಇದಕ್ಕೆ ಒಳ್ಳೆ ಉದಾಹರಣೆ. ಅಲ್ಯೂಮಿನಿಯಂ ಮೈ, ಕ್ರೋಮೋಲಿ ಆಕ್ಸಲ್, ಒಳಗೆ ಬಿಡಿ ಗುಂಡು. ಜೋಡಿಗೆ ಅರ್ಧ ಕೆ.ಜಿ.ಗೂ ತುಸು ಹೆಚ್ಚು, ತೂಕ ಲೆಕ್ಕ ಹಾಕೋರಿಗೆ ಅಲ್ಲ. ಗ್ರೀಸ್ ಬದಲಿಸ್ತಾ ಇದ್ದರೆ ಬಹಳ ಕಾಲ ಬಾಳುತ್ತೆ. ಡಿಎಂಆರ್ ವಿ8 ಕೂಡ ಹೀಗೆ ಆರೈಕೆಗೆ ಒಗ್ಗೋ ಪೆಡಲ್. ಅದಕ್ಕೆ ಗ್ರೀಸ್ ತುಂಬುವ ಕಿಂಡಿಯೇ ಇದೆ, ಗನ್ ಇಟ್ಟು ಒತ್ತಿದರೆ ಹೊಸ ಗ್ರೀಸ್ ಹಳೆಯದನ್ನ ಹೊರಗೆ ತಳ್ಳುತ್ತೆ.

ತೀರಾ ತೆಳು ಪೆಡಲ್‌ಗಳ ಬಗ್ಗೆ ಮಾತ್ರ ಎಚ್ಚರ. ತೆಳುವಾಗಿಸಬೇಕು ಅಂದರೆ ಕ್ರ್ಯಾಂಕ್ ಕಡೆ ದೊಡ್ಡ ಬೇರಿಂಗ್‌ಗೆ ಜಾಗ ಇರೋಲ್ಲ, ಅಲ್ಲಿ ತೆಳು ಬುಶ್ (ಗುಂಡಿಲ್ಲದ ನುಣುಪು ಕೊಳವೆ) ಹಾಕ್ತಾರೆ. ನೀರೂ ಮರಳೂ ಒಳಗೆ ಹೊಗೋದು ಅದೇ ಕಡೆಯಿಂದ. ಹೊರತುದಿಗೆ ಮುಚ್ಚಳ ಇರುತ್ತೆ, ಒಳತುದಿಗೆ ಇರೋದು ಒಂದು ಸಣ್ಣ ರಬ್ಬರ್ ತುಟಿ ಮಾತ್ರ. ಒಂದು ಚಿಟಿಕೆ ನುಣ್ಣನೆ ಮರಳು ಹೊಕ್ಕರೆ ಬುಶ್ ಸವೆದು ಪೆಡಲ್ ಮೇಲೆ ಕೆಳಗೆ ಆಡೋಕೆ ಶುರು. ಬುಶ್ ಅಗ್ಗ, ಬದಲಿಸೋದೂ ಸುಲಭ. ಆದರೆ ಬದಲಿ ಬುಶ್ ಇಲ್ಲಿ ಸಿಗುತ್ತಾ ಅಂತ ಕೊಳ್ಳೋ ದಿನವೇ ಕೇಳಿ.

ಹೈಬ್ರಿಡ್_ಹಾದಿ

ಅಂಗಡಿಯಲ್ಲಿ ಪೆಡಲ್ ಕೈಗೆ ತಗೊಂಡಾಗ ಒಳಗಿನದು ಹೇಗಿದೆ ಅಂತ ತಿಳಿಯೋದು ಹೇಗೆ? ಬೆರಳಲ್ಲಿ ತಿರುಗಿಸಿ ‘ನೋಡಿ ಎಷ್ಟು ಹೊತ್ತು ತಿರುಗುತ್ತೆ’ ಅಂತ ತೋರಿಸ್ತಾರೆ.

ಗ್ರೀಸ್‌ಗುಂಡು

ಹೊಸ ಪೆಡಲ್ ಬುಗುರಿ ತರ ತಿರುಗಿದರೆ ಖುಷಿಪಡಬೇಡಿ, ಒಳಗೆ ಗ್ರೀಸ್ ಕಡಿಮೆ ಇದೆ ಅಂತ ಅರ್ಥ ಮಾಡ್ಕೊಳ್ಳಿ. ಗ್ರೀಸ್ ತುಂಬಿದ, ಸೀಲ್ ಬಿಗಿಯಾಗಿರೋ ಪೆಡಲ್ ತಳ್ಳಿದರೆ ಅರ್ಧ ಸುತ್ತು, ಮುಕ್ಕಾಲು ಸುತ್ತು ಹೋಗಿ ನಿಲ್ಲುತ್ತೆ. ತುಳಿಯುವ ಕಾಲಿಗೆ ಆ ಎಳೆತ ಗೊತ್ತೇ ಆಗೋಲ್ಲ.

ಆಕ್ಸಲ್ ತುದಿಯನ್ನ ಎರಡೇ ಬೆರಳಲ್ಲಿ ಹಿಡಿದು ತೀರಾ ನಿಧಾನ ತಿರುಗಿಸಿ, ಕಣ್ಣು ಮುಚ್ಚಿಕೊಂಡರೆ ಇನ್ನೂ ಒಳ್ಳೇದು. ಬೆಣ್ಣೆಯಲ್ಲಿ ಚಮಚ ತಿರುಗಿಸಿದ ಹಾಗಿದ್ದರೆ ಸರಿ. ಸಣ್ಣ ಸಣ್ಣ ಮೆಟ್ಟಿಲು ಹತ್ತಿದ ಹಾಗೆ ಕಟಕಟ ಬೆರಳಿಗೆ ತಾಗಿದರೆ ಕೋನನ್ನ ಅತಿಯಾಗಿ ಬಿಗಿ ಮಾಡಿದ್ದಾರೆ. ಹಾಗೇ ಓಡಿಸಿದರೆ ಗುಂಡು ಕಪ್ಪಿನಲ್ಲಿ ಗುಳಿ ಕೊರೆದುಬಿಡುತ್ತೆ. ಆಮೇಲೆ ಆಕ್ಸಲ್ ಹಿಡಿದು ಪೆಡಲ್ ಮೈಯನ್ನ ಮೇಲೆ ಕೆಳಗೆ ಅಲ್ಲಾಡಿಸಿ. ಹೊಸದರಲ್ಲಿ ಟಕ್ ಅನ್ನೋ ಆಟ ಇರಬಾರದು. ಎರಡೂ ಪೆಡಲ್ ನೋಡಿ, ಒಂದು ಸರಿ ಇದ್ದು ಇನ್ನೊಂದು ಬಿಗಿ ಇರೋದು ಸಾಮಾನ್ಯ.

ಕೊನೆಗೆ ಮುಚ್ಚಳ ಬಿಚ್ಚಿ ತೋರಿಸಿ ಅಂತ ಕೇಳಿ. ಒಳಗೆ ಬಣ್ಣದ ಗ್ರೀಸ್ ಕಾಣಬೇಕು, ಒಣ ಲೋಹ ಕಂಡರೆ ಮನೆಗೆ ಹೋಗಿ ಮೊದಲ ದಿನವೇ ಗ್ರೀಸ್ ಹಾಕಬೇಕು.

ಕಡಲ_ತೀರ

ಕರಾವಳಿಯವರಿಗೆ ಬೇರೆಯೇ ಲೆಕ್ಕ ಉಂಟು. ಇಲ್ಲಿ ಮಳೆಗಿಂತ ಉಪ್ಪುಗಾಳಿ ದೊಡ್ಡ ವೈರಿ. ಮೆಗ್ನೀಸಿಯಂ ಮೈಯ ಪೆಡಲ್ ತೆಗೊಳ್ಳಲೇಬೇಡಿ. ಬಣ್ಣ ಒಂದು ಕಡೆ ಕಿತ್ತುಹೋದ್ರೆ ಸಾಕು, ಅಲ್ಲಿಂದ ಬಿಳಿ ಪುಡಿ ಉದುರ್ಲಿಕ್ಕೆ ಶುರುವಾಗ್ತದೆ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಅಥವಾ ನೈಲಾನ್ ಆಗ್ತದೆ. ಪಿನ್ ಸಾದಾ ಉಕ್ಕಿನದಾದ್ರೆ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಳ್ತದೆ. ಸ್ಟೇನ್‌ಲೆಸ್ ಪಿನ್ ಸಿಕ್ಕಿದ್ರೆ ಒಳ್ಳೇದು, ಇಲ್ಲದಿದ್ರೆ ಇರುವ ಪಿನ್ನಿನ ಥ್ರೆಡ್ಡಿಗೇ ಗ್ರೀಸ್ ಹಚ್ಚಿ ಹಾಕಿ.

ಇನ್ನೊಂದು ಮುಖ್ಯ ವಿಷಯ. ಉಕ್ಕಿನ ಆಕ್ಸಲ್, ಅಲ್ಯೂಮಿನಿಯಂ ಕ್ರ್ಯಾಂಕ್, ನಡುವೆ ಉಪ್ಪುನೀರು: ಈ ಮೂರೂ ಸೇರಿದ್ರೆ ಎರಡು ಲೋಹ ಒಂದಕ್ಕೊಂದು ಬೆಸೆದ ಹಾಗೆ ಆಗ್ತದೆ. ಆಮೇಲೆ ಪಾನಾಕ್ಕೆ ಮೂರು ಅಡಿ ಪೈಪ್ ಸಿಕ್ಕಿಸಿದ್ರೂ ಪೆಡಲ್ ಬರುದಿಲ್ಲ. ಜೂನಿಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪೆಡಲ್ ಬಿಚ್ಚಿ, ಎರಡೂ ಕಡೆಯ ಥ್ರೆಡ್ ಹಳೆ ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿ, ದಪ್ಪಗೆ ಗ್ರೀಸ್ ಹಚ್ಚಿ ಮತ್ತೆ ಹಾಕಿ. ಬೇರಿಂಗಿಗೆ ನೀರು ತಡೆಯುವ ಮರೈನ್ ಗ್ರೀಸ್ ದೋಣಿ ಎಂಜಿನ್ ಸಾಮಾನಿನ ಅಂಗಡಿಯಲ್ಲಿ ಸಿಗ್ತದೆ.

ಕಾರು ತೊಳೆಯುವ ಪ್ರೆಶರ್ ಪೈಪನ್ನು ಪೆಡಲ್ ಹತ್ತಿರ ತರ್ಬೇಡಿ. ಆ ರಬ್ಬರ್ ತುಟಿ ಮಳೆ ಹನಿ ತಡೀತದೆ, ಆ ರಭಸ ತಡಿಯುದಿಲ್ಲ.

ಲೇತ್_ಕೆಲಸ

ಪೆಡಲ್ ಎಷ್ಟೇ ಒಳ್ಳೇದಿರಲಿ, ಹಾಕುವಾಗ ಕ್ರ್ಯಾಂಕ್‌ನ ಥ್ರೆಡ್ ಹಾಳು ಮಾಡಿದರೆ ಖರ್ಚು ದೊಡ್ಡದು. ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ.

ಅಳತೆ ಮೊದಲು. ದೊಡ್ಡವರ ಸೈಕಲ್‌ಗಳ ಕ್ರ್ಯಾಂಕ್‌ನಲ್ಲಿ 9/16 ಇಂಚು, ಇಂಚಿಗೆ 20 ಥ್ರೆಡ್. ಕ್ರ್ಯಾಂಕ್ ಒಂದೇ ಬಾಗಿಸಿದ ಸರಳಿನಂತಿರೋ ಮಕ್ಕಳ ಸೈಕಲ್‌ಗಳಲ್ಲಿ 1/2 ಇಂಚು. ವರ್ನಿಯರ್‌ನಲ್ಲಿ ಆಕ್ಸಲ್ ಥ್ರೆಡ್‌ನ ಹೊರ ಅಳತೆ 14 ಮಿ.ಮೀ. ಸುತ್ತಮುತ್ತ ಬಂದರೆ ಮೊದಲನೆಯದು, ಹನ್ನೆರಡೂವರೆ ಬಂದರೆ ಎರಡನೆಯದು. ಒಂದಕ್ಕೆ ಇನ್ನೊಂದು ಹೊಂದೋಲ್ಲ.

ಎಡ ಪೆಡಲ್‌ಗೆ ಎಡ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗೋದು), ಬಲಕ್ಕೆ ಬಲ. ಆಕ್ಸಲ್ ತುದಿಯಲ್ಲಿ ‘ಎಲ್’, ‘ಆರ್’ ಅಂತ ಕೊರೆದಿರುತ್ತೆ. ಅಳಿಸಿಹೋಗಿದ್ದರೆ ಆಕ್ಸಲನ್ನ ನೆಟ್ಟಗೆ ನಿಲ್ಲಿಸಿ ನೋಡಿ: ಥ್ರೆಡ್ ಗೆರೆಗಳು ಬಲಕ್ಕೆ ಏರುತ್ತಿದ್ದರೆ ಬಲ, ಎಡಕ್ಕೆ ಏರುತ್ತಿದ್ದರೆ ಎಡ. ಹೀಗ್ಯಾಕೆ ಅಂದರೆ, ಕಾಲಿನ ಭಾರ ಯಾವಾಗಲೂ ಕೆಳಮುಖ. ಕ್ರ್ಯಾಂಕ್ ತಿರುಗಿದಂತೆ ಆ ಭಾರ ಥ್ರೆಡ್‌ನ ಸುತ್ತಲೂ ಒಂದೊಂದೇ ಕಡೆ ಒತ್ತುತ್ತಾ ಸುತ್ತು ಹಾಕುತ್ತೆ. ಆಕ್ಸಲ್ ತೂತಿಗಿಂತ ಕೂದಲೆಳೆಯಷ್ಟು ಸಣ್ಣದು, ಹಾಗಾಗಿ ಅದು ತೂತಿನ ಒಳಗೋಡೆ ಮೇಲೆ ಉರುಳಿದಂತಾಗಿ ಭಾರದ ಸುತ್ತಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗೋಕೆ ನೋಡುತ್ತೆ. ಎಡಕ್ಕೆ ಎಡ ಥ್ರೆಡ್ ಇದ್ದರೆ ಆ ತಿರುಗುವಿಕೆ ಬಿಗಿ ಮಾಡೋ ದಿಕ್ಕಿಗೆ ಬರುತ್ತೆ. ಆದರೆ ಬೇರಿಂಗ್ ಪೂರ್ತಿ ಕಚ್ಚಿಕೊಂಡರೆ ಕಥೆ ಉಲ್ಟಾ, ಪೆಡಲ್ ಆಕ್ಸಲನ್ನ ಎಳೆದುಕೊಂಡು ಬಿಚ್ಚಿಬಿಡುತ್ತೆ. ಒಣಗಿದ ಪೆಡಲ್ ಓಡಿಸಬೇಡಿ ಅನ್ನೋದಕ್ಕೆ ಇದೂ ಒಂದು ಕಾರಣ.

ಬಿಚ್ಚೋದಕ್ಕೆ ಒಂದೇ ಸೂತ್ರ ನೆನಪಿಟ್ಟರೆ ಸಾಕು. 15 ಮಿ.ಮೀ. ಪಾನಾ ಹಾಕಿ, ಅದರ ಹಿಡಿ ಹಿಂದಿನ ಚಕ್ರದ ಕಡೆ ಇರಲಿ, ಕೆಳಗೆ ಒತ್ತಿ. ಎಡ ಬಲ ಎರಡಕ್ಕೂ ಅದೇ. ಕ್ರ್ಯಾಂಕ್ ಹಿಂಬದಿಯಿಂದ 6 ಅಥವಾ 8 ಮಿ.ಮೀ. ಎಲ್-ಕೀ ಹಾಕಿದರೂ ಅದೇ: ಹಿಡಿ ಹಿಂದಕ್ಕೆ, ಒತ್ತೋದು ಕೆಳಕ್ಕೆ. ಇನ್ನೊಂದು ಪೆಡಲನ್ನ ಯಾರಾದರೂ ಹಿಡಿದಿರಲಿ, ಇಲ್ಲದಿದ್ದರೆ ಕ್ರ್ಯಾಂಕ್ ಹಿಂದಕ್ಕೆ ಸುತ್ತುತ್ತೆ. ಚೈನನ್ನ ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿಡಿ, ಪಾನಾ ಜಾರಿದರೆ ಬೆರಳಗಂಟು ಹಲ್ಲಿಗೆ ಸಿಗೋದು ತಪ್ಪುತ್ತೆ.

ಹಾಕುವಾಗ ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಅಡ್ಡ ಕೂತಿದೆ ಅಂತಲೇ ಅರ್ಥ, ಹೊರಗೆ ತೆಗೆದು ಮತ್ತೆ ಶುರು ಮಾಡಿ. ಅಲ್ಯೂಮಿನಿಯಂ ಉಕ್ಕಿಗೆ ಎದುರಾಡೋಲ್ಲ, ಪಾನಾ ಹಾಕಿ ಒತ್ತಿದರೆ ತನ್ನ ಥ್ರೆಡ್ಡನ್ನೇ ಬಿಟ್ಟುಕೊಡುತ್ತೆ. ಕೊನೆಯ ಬಿಗಿ 35ರಿಂದ 40 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದಿದ್ದರೆ, 20 ಸೆಂ.ಮೀ. ಉದ್ದದ ಪಾನಾ ತುದಿಗೆ 18 ಕೆ.ಜಿ. ಭಾರ ತೂಗಿದಷ್ಟು ಒತ್ತಡ. 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಥ್ರೆಡ್ ಈಗಾಗಲೇ ಹೋಗಿದ್ದರೆ ಕ್ರ್ಯಾಂಕ್ ಬಿಸಾಡಬೇಕಿಲ್ಲ. ತೂತನ್ನ ದೊಡ್ಡದು ಮಾಡಿ ಉಕ್ಕಿನ ಥ್ರೆಡ್ ಬುಶ್ ಕೂರಿಸಬಹುದು. ಎಡ ಕ್ರ್ಯಾಂಕ್ ಆದರೆ ಎಡ ಥ್ರೆಡ್‌ನ ಬುಶ್ಶೇ ಬೇಕು ಅಂತ ಲೇತ್‌ನವರಿಗೆ ಬಾಯಿಬಿಟ್ಟು ಹೇಳಿ.

ದೂರದಾರಿ

ಚಪ್ಪಲಿಯ ಬಗ್ಗೆ ಯಾರೂ ಹೇಳಲಿಲ್ಲ, ಪ್ರಶ್ನೆಯಲ್ಲಿ ಅದು ಮುಖ್ಯ. ಉದ್ದ ಪಿನ್ನಿನ ಪೆಡಲ್ ಹವಾಯಿ ಚಪ್ಪಲಿಯ ಅಟ್ಟೆಯನ್ನ ಕೆಲವೇ ವಾರದಲ್ಲಿ ತೂತು ಮಾಡುತ್ತೆ. ಒದ್ದೆ ಕಾಲು ಚಪ್ಪಲಿಯಿಂದ ಜಾರಿದರೆ ಪಿನ್ ಪಾದವನ್ನೂ ಮೀನಖಂಡವನ್ನೂ ಗೀರುತ್ತೆ, ಆ ಗಾಯ ಆಳವಾಗಿರುತ್ತೆ. ದಿನದ ಓಡಾಟಕ್ಕೆ ಎರಡು ದಾರಿ. ಒಂದು, ಪಿನ್ ಬಿಚ್ಚಬಹುದಾದ ಪೆಡಲ್ ಕೊಂಡು ನಡುವಿನವನ್ನ ತೆಗೆದು ನಾಲ್ಕು ಮೂಲೆಯವನ್ನ ಮಾತ್ರ ಉಳಿಸೋದು. ಪಿನ್ನಿನ ಬುಡಕ್ಕೆ ವಾಷರ್ ಸೇರಿಸಿದರೆ ಅದರ ಎತ್ತರವೂ ತಗ್ಗುತ್ತೆ. ಇನ್ನೊಂದು, ಪಿನ್ನೇ ಇಲ್ಲದ ಹಲ್ಲಂಚಿನ ಅಥವಾ ರಬ್ಬರ್ ಮೈಯ ಪೆಡಲ್.

ಎರಡನೆಯದಕ್ಕೆ ಜಪಾನಿನ ಎಂಕೆಎಸ್ ನೋಡಿ. ಸೈತಾಮಾ ಪ್ರಾಂತ್ಯದ ತೊಕೊರೊಜಾವಾದಲ್ಲಿರೋ ಮಿಕಾಶಿಮಾ ಕಾರ್ಖಾನೆಯ ಹೆಸರೇ ಎಂಕೆಎಸ್. ಅವರ ಸಿಲ್ವಾನ್ ಟೂರಿಂಗ್ ಬಿಡಿ ಗುಂಡಿನ ಪೆಡಲ್, ಪೂರ್ತಿ ಬಿಚ್ಚಬಹುದು. ಉದ್ದ ಹಲಗೆಯಂಥ ಲ್ಯಾಂಬ್ಡಾಗೆ ಚಪ್ಪಲಿ ಪಾದ ಆರಾಮಾಗಿ ಕೂರುತ್ತೆ. 3000ಆರ್ ಅನ್ನೋದಕ್ಕೆ ರಬ್ಬರ್ ಮೈ. ನಮ್ಮ ಹಳೆ ಕಪ್ಪು ರೋಡ್‌ಸ್ಟರ್ ಸೈಕಲ್‌ಗಳ ರಬ್ಬರ್ ಪೆಡಲ್‌ಗೂ ಇದೇ ಗುಣ. ಅದರಲ್ಲಿ ಸರಳುಗಳ ತುದಿಯ ನಟ್ ಸಡಿಲವಾಗಿ ರಬ್ಬರ್ ಗಿರಗಿರ ತಿರುಗೋದೇ ದೊಡ್ಡ ತೊಂದರೆ, ತಿಂಗಳಿಗೊಮ್ಮೆ ಬಿಗಿ ಮಾಡಿದರೆ ತೀರಿತು. ಪಂಜರದ ಪೆಡಲ್ (ಸುತ್ತ ಲೋಹದ ಚೌಕಟ್ಟಿರೋದು) ಕೊಳ್ಳೋದಾದರೆ ಪಂಜರವನ್ನ ರಿವೆಟ್ ಹೊಡೆದು ಕೂರಿಸಿದ್ದು ಬೇಡ, ಸ್ಕ್ರೂ ಹಾಕಿದ್ದು ತಗೊಳ್ಳಿ. ರಿವೆಟ್ ಒಮ್ಮೆ ಸಡಿಲವಾದರೆ ಮತ್ತೆ ಬಿಗಿ ಮಾಡೋಕೆ ಬರೋಲ್ಲ.

ಅಗಲದ ಲೆಕ್ಕ: 8ರಿಂದ 9 ನಂಬರ್ ಪಾದಕ್ಕೆ ಸುಮಾರು 100 ಮಿ.ಮೀ. ಉದ್ದ, ಅಷ್ಟೇ ಅಗಲ ಸಾಕು. ಪಾದ 10 ದಾಟಿದ್ದರೆ 110 ನೋಡಿ. ಮೆದು ಅಟ್ಟೆಗೆ ಸಣ್ಣ ಪೆಡಲ್ ಹಾಕಿದರೆ ಒಂದೇ ಜಾಗದಲ್ಲಿ ಒತ್ತಿ ಪಾದ ಜೋಮು ಹಿಡಿಯುತ್ತೆ. ರಾತ್ರಿ ಓಡಾಡೋರು ಇನ್ನೊಂದು ಗಮನಿಸಿ: ಪಿನ್ನಿನ ಪೆಡಲ್‌ಗಳಿಗೆ ಬಹುಪಾಲು ರಿಫ್ಲೆಕ್ಟರ್ ಇರೋಲ್ಲ. ಕ್ರ್ಯಾಂಕ್ ತೋಳಿನ ಹಿಂಬದಿಗೆ ಹೊಳೆಯುವ ಟೇಪ್ ಅಂಟಿಸಿ.

ಹೈಬ್ರಿಡ್_ಹಾದಿ

ಬಿಡಿ ಗುಂಡಿನದ್ದು ಕೊಂಡರೆ ಗ್ರೀಸ್ ಬದಲಿಸೋ ಕೆಲಸ ಮನೆಯಲ್ಲೇ ಆಗುತ್ತಾ? ಏನೇನು ಬೇಕು?

ಗ್ರೀಸ್‌ಗುಂಡು

ಆಗುತ್ತೆ. ಬೇಕಾದ್ದು: 15ರ ಪಾನಾ, ಲಾಕ್‌ನಟ್‌ಗೆ ಹೊಂದೋ ಬಾಕ್ಸ್ ಪಾನಾ, ತೆಳು ಸ್ಕ್ರೂಡ್ರೈವರ್, ಸೀಮೆಎಣ್ಣೆ ಅಥವಾ ಡೀಸೆಲ್ ಒಂದು ಲೋಟ, ಹಳೆ ಬನಿಯನ್ ಬಟ್ಟೆ, ಲಿಥಿಯಂ ಗ್ರೀಸ್, ಅಂಚಿರೋ ತಟ್ಟೆ. ಒಂದು ಸಲಕ್ಕೆ ಒಂದೇ ಪೆಡಲ್ ಬಿಚ್ಚಿ. ಎಡದ ಗುಂಡು ಬಲಕ್ಕೆ ಸೇರಿದರೆ ಸವೆತದ ಲೆಕ್ಕ ತಪ್ಪುತ್ತೆ.

ಪೆಡಲನ್ನ ಕ್ರ್ಯಾಂಕ್‌ನಿಂದ ಬಿಚ್ಚಿ, ತಟ್ಟೆಯ ಮೇಲೆ ಹೊರತುದಿ ಮೇಲಾಗಿ ಹಿಡೀರಿ. ಮುಚ್ಚಳ ತೆಗೆಯಿರಿ, ಲಾಕ್‌ನಟ್ ಕಾಣುತ್ತೆ. ಆಕ್ಸಲ್ ತಿರುಗದ ಹಾಗೆ 15ರ ಪಾನಾದಲ್ಲಿ ಹಿಡಿದು ನಟ್ ಬಿಚ್ಚಿ. ಅದರ ಕೆಳಗೆ ಒಳಗಡೆ ನಾಲಿಗೆ ಇರೋ ವಾಷರ್, ಅದರ ಕೆಳಗೆ ಕೋನು. ಕೋನು ಬಿಚ್ಚಿದ ಕೂಡಲೇ ಆಕ್ಸಲ್ ಕೆಳಗೆ ಜಾರುತ್ತೆ, ಕ್ರ್ಯಾಂಕ್ ಕಡೆಯ ಗುಂಡುಗಳು ಉದುರುತ್ತವೆ, ಅದಕ್ಕೇ ತಟ್ಟೆ. ಎರಡೂ ಕಡೆಯ ಗುಂಡು ಬೇರೆಬೇರೆ ಎಣಿಸಿ ಬರೆದಿಡಿ. ಎಷ್ಟಿರಬೇಕು ಅನ್ನೋದು ಪೆಡಲ್‌ನಿಂದ ಪೆಡಲ್‌ಗೆ ಬೇರೆ. ಎಣಿಕೆ ತಪ್ಪಿದ್ದರೆ ಗುರುತು ಇದು: ಕಪ್ಪಿನ ತುಂಬ ಗುಂಡು ಜೋಡಿಸಿದಾಗ ಒಂದು ಗುಂಡಿಗಿಂತ ಕಡಿಮೆ ಜಾಗ ಖಾಲಿ ಉಳಿಯಬೇಕು. ಒತ್ತಿ ಒಂದು ಜಾಸ್ತಿ ತುರುಕಿದರೆ ಗುಂಡುಗಳು ಒಂದನ್ನೊಂದು ಉಜ್ಜಿ ಬೇಗ ಹೋಗ್ತವೆ.

ಎಲ್ಲ ತೊಳೆದು ಒರೆಸಿ ಬೆಳಕಿಗೆ ಹಿಡೀರಿ. ಗುಂಡು ಕನ್ನಡಿಯಂತೆ ಹೊಳೆದರೆ ಸರಿ. ಮಂಕಾಗಿದ್ದರೆ, ಒಂದೇ ಒಂದಕ್ಕೆ ಚುಕ್ಕೆ ಬಿದ್ದಿದ್ದರೂ, ಪೂರ್ತಿ ಹೊಸದು ಹಾಕಿ. ಹಳೇದರ ಜೊತೆ ಹೊಸದು ಬೆರೆಸಿದರೆ ತುಸು ದೊಡ್ಡದಾಗಿರೋ ಹೊಸ ಗುಂಡುಗಳೇ ಎಲ್ಲ ಭಾರ ಹೊರಬೇಕಾಗುತ್ತೆ. ಕೋನಿನ ಮೇಲೆ ಸುತ್ತಲೂ ಒಂದು ಹೊಳೆಯೋ ಗೆರೆ ಇರೋದು ಸಹಜ. ಉಗುರಾಡಿಸಿದಾಗ ಗುಳಿ ಸಿಕ್ಕರೆ ಕೋನು ಬದಲಿಸಿ. ಅದೇ ಗುಳಿ ಕಪ್ಪಿನಲ್ಲಿದ್ದರೆ ಆ ಪೆಡಲ್ ಆಯಸ್ಸು ಮುಗೀತು.

ಮತ್ತೆ ಕೂಡಿಸುವಾಗ ಕಪ್ಪಿಗೆ ಗ್ರೀಸ್ ದಪ್ಪಗೆ ಮೆತ್ತಿ, ಗುಂಡುಗಳು ಅದರಲ್ಲಿ ಅಂಟಿ ಕೂರ್ತವೆ. ಆಕ್ಸಲ್ ತೂರಿಸಿ, ಹೊರಗಿನ ಗುಂಡು ಜೋಡಿಸಿ, ಕೋನನ್ನ ಆಟ ಹೋಗೋ ತನಕ ಬೆರಳಲ್ಲಿ ಬಿಗಿ ಮಾಡಿ, ಆಮೇಲೆ ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಡಿ. ವಾಷರ್, ನಟ್ ಹಾಕಿ ಬಿಗಿ ಮಾಡಿ. ಬಿಗಿ ಮಾಡುವಾಗ ಕೋನು ಸ್ವಲ್ಪ ಜೊತೆಗೇ ತಿರುಗುತ್ತೆ, ಹಾಗಾಗಿ ಮೊದಲ ಸಲವೇ ಸರಿ ಬರೋದು ಕಡಿಮೆ. ಎರಡು ಮೂರು ಸಲ ಮಾಡೋಕೆ ತಯಾರಿರಿ. ಕೊನೆಗೆ ಮುಚ್ಚಳದೊಳಗೆ ಗ್ರೀಸ್ ತುಂಬಿ ತಿರುಪಿ, ಅದೇ ನೀರಿಗೆ ಇನ್ನೊಂದು ತಡೆ.

ಎರೆಹೊಲ

ಆ ನಾಲಿಗಿ ವಾಷರ್ ಕಳೀಬ್ಯಾಡ್ರಿ. ಆಕ್ಸಲ್ ಮ್ಯಾಲಿನ ಉದ್ದ ಕಚ್ಚಿನ್ಯಾಗ ಅದರ ನಾಲಿಗಿ ಕುಂತ್ರ ಲಾಕ್‌ನಟ್ ತಿರುಗಿದ್ರೂ ಕೋನ್ ಅಲ್ಲಾಡೂದ ಕಡಿಮಿ ಆಗತೈತಿ. ಸಾದಾ ವಾಷರ್ ಹಾಕಿ ಬಿಗಿ ಮಾಡಿದ್ರ ನೂರ್ ಕಿ.ಮೀ. ಹೋಗೂದ್ರಾಗ ಕೋನ್ ತಾನ ಬಿಗಿ ಆಗತೈತಿ, ಇಲ್ಲಾ ಸಡಲ ಆಗತೈತಿ.

ತುರಹಳ್ಳಿ_ಟ್ರೇಲ್

ಕಾರ್ಟ್ರಿಡ್ಜ್ ಕಡೆ ಹೋಗೋರಿಗೆ: ಬೇರಿಂಗ್ ಮುಖದ ಮೇಲೆ ನಂಬರ್ ಕೊರೆದಿರುತ್ತೆ. 686 ಅಂದರೆ ಒಳವ್ಯಾಸ 6, ಹೊರವ್ಯಾಸ 13, ದಪ್ಪ 5 ಮಿ.ಮೀ. 688 ಅಂದರೆ 8, 16, 5. ನಂಬರ್ ಮುಂದೆ ‘2ಆರ್‌ಎಸ್’ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್, ‘ಜಡ್‌ಜಡ್’ ಇದ್ದರೆ ಬರೀ ತಗಡಿನ ಮುಚ್ಚಳ. ಪೆಡಲ್‌ಗೆ 2ಆರ್‌ಎಸ್ಸೇ ಕೇಳಿ, ತಗಡು ನೀರು ತಡೆಯೋಲ್ಲ. ಬೆಂಗಳೂರಲ್ಲಾದರೆ ಎಸ್.ಪಿ. ರೋಡ್, ಜೆ.ಸಿ. ರೋಡ್ ಸುತ್ತಿನ ಬೇರಿಂಗ್ ಅಂಗಡಿಗಳಲ್ಲಿ ವಿಚಾರಿಸಿ, ಹಳೇ ಬೇರಿಂಗ್ ಜೇಬಲ್ಲಿ ಇಟ್ಕೊಂಡು ಹೋಗಿ.

ಆಕ್ಸಲ್ ಮತ್ತು ಬೇರಿಂಗ್ ಒಂದೇ ಘಟಕವಾಗಿ ಕ್ರ್ಯಾಂಕ್ ಕಡೆಯಿಂದ ಹೊರಬರೋ ಪೆಡಲ್ ಆದರೆ ಕೆಲಸ ಇನ್ನೂ ಚಿಕ್ಕದು. ಘಟಕ ಬಿಚ್ಚಿ, ಮೈಯೊಳಗಿನ ಪೊಳ್ಳಿನ ಕಾಲು ಭಾಗ ಹೊಸ ಗ್ರೀಸ್ ಹಾಕಿ, ಮತ್ತೆ ತಿರುಪಿ. ಒಳಗೆ ಹೋಗೋ ಆಕ್ಸಲ್ ಗ್ರೀಸನ್ನ ಒತ್ತಿ ಬೇರಿಂಗ್ ಮೂಲಕ ಕ್ರ್ಯಾಂಕ್ ಕಡೆ ಹೊರಗೆ ತಳ್ಳುತ್ತೆ. ಮೊದಲು ಕಪ್ಪು ಕೊಳೆ ಬರುತ್ತೆ, ಆಮೇಲೆ ಶುದ್ಧ ಗ್ರೀಸ್ ಬಂದರೆ ಸಾಕು, ಒರೆಸಿ. ಬಿಚ್ಚೋ ದಿಕ್ಕು ಎಡ ಬಲಕ್ಕೆ ಬೇರೆಬೇರೆ ಇರುತ್ತೆ, ಬಳೆಯ ಮೇಲೆ ಬಾಣದ ಗುರುತು ಇದ್ದರೆ ಅದನ್ನ ನೋಡಿಕೊಂಡೇ ತಿರುಗಿಸಿ. ಬಲವಂತಕ್ಕೆ ಆ ಬಳೆ ಒಡೆಯುತ್ತೆ.

ಹೈಬ್ರಿಡ್_ಹಾದಿ

ಹಾಗಾದರೆ ದಿನದ ಓಡಾಟಕ್ಕೆ ಸಿಲ್ವಾನ್ ಟೂರಿಂಗ್, ಅದು ಸಿಗದಿದ್ದರೆ ಜಿಆರ್500 ಕೊಂಡು ನಡುವಿನ ಪಿನ್ ತೆಗೆಯೋದು. ಆದರೆ ಹಳೇ ಎಡ ಪೆಡಲ್‌ನ ಆ ಟಕ್ ಸದ್ದು ಪೆಡಲ್‌ದೇ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ? ಹೊಸದು ಹಾಕಿದ ಮೇಲೂ ಸದ್ದು ಉಳಿದರೆ?

ಲೇತ್_ಕೆಲಸ

ಕೊಳ್ಳೋ ಮೊದಲೇ ನೋಡಿ. ಸೈಕಲ್ ನಿಲ್ಲಿಸಿ, ಎಡ ಕ್ರ್ಯಾಂಕ್ ತೋಳನ್ನ ಫ್ರೇಮ್‌ಗೆ ಅಡ್ಡವಾಗಿ ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ತೋಳೊಂದೇ ಅಲುಗಿದರೆ ಕ್ರ್ಯಾಂಕ್ ಬೋಲ್ಟ್ ಸಡಿಲ, ಬಲಗಡೆಯದೂ ಜೊತೆಗೆ ಅಲುಗಿದರೆ ಬಾಟಮ್ ಬ್ರ್ಯಾಕೆಟ್ (ಎರಡೂ ಕ್ರ್ಯಾಂಕ್ ನಡುವಿನ ಅಚ್ಚು) ಬೇರಿಂಗ್ ಹೋಗಿದೆ. ಎರಡೂ ಗಟ್ಟಿ ಇದ್ದು ಪೆಡಲ್ ಮೈ ಮಾತ್ರ ಆಡಿದರೆ ಪೆಡಲ್‌ದೇ ದೋಷ. ಏನೂ ಆಡದೆ ತುಳಿದಾಗ ಮಾತ್ರ ಟಕ್ ಅಂದರೆ ಪೆಡಲ್ ಬಿಚ್ಚಿ, ಥ್ರೆಡ್ ಒರೆಸಿ, ಗ್ರೀಸ್ ಹಚ್ಚಿ, 35 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ ಒಂದು ಸುತ್ತು ಓಡಿಸಿ. ಒಣ ಥ್ರೆಡ್ ಕೂಡ ಇದೇ ಸದ್ದು ಮಾಡುತ್ತೆ.

ಕ್ರ್ಯಾಂಕ್ ಬೋಲ್ಟ್ ಸಡಿಲ ಇದ್ದರೆ ಅವತ್ತೇ ಬಿಗಿ ಮಾಡಿಸಿ. ಸಡಿಲ ತೋಳಿನಲ್ಲಿ ತುಳಿದರೆ ಅಲ್ಯೂಮಿನಿಯಂನ ಚೌಕ ತೂತು ದುಂಡಗಾಗುತ್ತೆ, ಅದಾದ ಮೇಲೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ನಿಲ್ಲೋಲ್ಲ, ತೋಳನ್ನೇ ಬದಲಿಸಬೇಕಾಗುತ್ತೆ.